ಹಿತ್ತಲ ನಲ್ಲಿಗೆ ಬಕೆಟ್ ಪರೀಕ್ಷೆ

ಹಿತ್ತಲ ನಲ್ಲಿಯಲ್ಲಿ ನೀರು ಸಣ್ಣಗಾದರೆ ನಮ್ಮ ಕಡೆ ಮೊದಲು ಬೈಸಿಕೊಳ್ಳುವುದು ಬೋರು, ಆಮೇಲೆ ಮೋಟರು, ಕೊನೆಗೆ ಕರೆಂಟು. ನಲ್ಲಿ ಬಿಚ್ಚಿ ನೋಡುವವರು ಕಡಿಮೆ. ಕೈತೋಟ, ಸಸಿಮಡಿ, ದನದ ತೊಟ್ಟಿ ಮೂರಕ್ಕೂ ಇದೊಂದೇ ನಲ್ಲಿ. ಅದು ಸೊರಗಿದರೆ ಏಪ್ರಿಲ್ ಬಿಸಿಲಿಗೆ ಬದನೆ, ಮೆಣಸಿನ ಸಸಿಗಳು ಎರಡೇ ದಿನಕ್ಕೆ ಬಾಡುತ್ತವೆ. ಬಿಂದಿಗೆ ಹೊರುವ ಕೆಲಸ ಮನೆಯ ಹೆಂಗಸರ ಸೊಂಟಕ್ಕೆ ಬೀಳುತ್ತದೆ.

ಪಾಂಡವಪುರ ತಾಲೂಕಿನ ನಮ್ಮ ಮನೆ, ನೆಂಟರ ಮೂರು ಮನೆ - ಒಟ್ಟು ನಾಲ್ಕು ಕಡೆ ಈ ತೊಂದರೆ ಬಿಚ್ಚಿ ನೋಡಿದ್ದೇನೆ. ಕಾರಣ ನಾಲ್ಕೂ ಕಡೆ ಬೇರೆ. ಪತ್ತೆ ಹಚ್ಚುವ ದಾರಿ ಮಾತ್ರ ಒಂದೇ.

ಮೊದಲು ಅಳೆಯಿರಿ

15 ಲೀಟರಿನ ಬಕೆಟ್ಟು, ಒಂದು ಗಡಿಯಾರ ಸಾಕು. ನಲ್ಲಿಯನ್ನು ಪೂರಾ ತಿರುಗಿಸಿ, ಬಕೆಟ್ಟು ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳಿ. ಬಳಿಕ ವಾಲ್ವು ಕಟ್ಟಿ, ನಲ್ಲಿ ಕಳಚಿ, ಪೈಪಿನ ಬಾಯಲ್ಲೇ ಹಿಡಿಯಿರಿ. ಮೂರನೇ ಸಲ ಟ್ಯಾಂಕಿನ ಬುಡದಲ್ಲಿ ಯೂನಿಯನ್ ಸಡಿಲಿಸಿ ಹಿಡಿಯಿರಿ.

ನಲ್ಲಿ ಕಳಚಿದ ಕೂಡಲೇ ನೀರು ಧುಮುಕಿದರೆ ದೋಷ ನಲ್ಲಿಯದು. ಟ್ಯಾಂಕಿನ ಬುಡದಲ್ಲಿ ಜೋರು, ಪೈಪಿನ ಬಾಯಲ್ಲಿ ಸಣ್ಣಗೆ ಎಂದರೆ ದೋಷ ನಡುವಿನ ಲೈನಿನದು. ಬುಡದಲ್ಲೇ ಸಣ್ಣಗಿದ್ದರೆ ಟ್ಯಾಂಕಿನ ಒಳಗೆ ನೋಡಿ.

ನಾಲ್ಕು ಮನೆ, ನಾಲ್ಕು ಕಾರಣ

ನಾಗಮಂಗಲ: ಭಾವಮೈದನ ಮನೆಗೆ ಬೋರಿನ ಗಡಸು ನೀರು. "ಬೋರು ಬತ್ತೋಯ್ತು ಕಣ್ ಭಾವ, ಸಾಲ ಮಾಡಿಯಾದ್ರೂ ಇನ್ನೊಂದು ಕೊರೆಸ್ಬೇಕು" ಎಂದು ಕೂತಿದ್ದ. "ಟ್ಯಾಂಕಿಗೆ ಬೀಳೋ ನೀರು ನೋಡಿದ್ಯಾ?" ಎಂದೆ. ಹೋಗಿ ನೋಡಿದರೆ ಅಲ್ಲಿ ಧಾರೆ ದಪ್ಪಗೇ ಇತ್ತು. ನಲ್ಲಿ ಕಳಚಿದರೆ ಒಳಗೆ ಸುಣ್ಣದ ಬಿಳಿ ಹಕ್ಕಳೆ. ಗಡಸು ನೀರು ಕಾದಾಗ ಸುಣ್ಣ ಬೇರೆಯಾಗಿ ಅಂಟಿಕೊಳ್ಳುತ್ತದೆ. ಬಯಲಲ್ಲಿ ಬಿಸಿಲು ತಿನ್ನುವ ಪೈಪು, ನಲ್ಲಿಗಳಿಗೆ ಇದರ ಕಾಟ ಹೆಚ್ಚು. ನಲ್ಲಿಯ ಬಿಡಿಭಾಗಗಳನ್ನು ನಿಂಬೆರಸದಲ್ಲಿ ರಾತ್ರಿ ನೆನೆಹಾಕಿ, ಬೆಳಗ್ಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆವು. ಹೊಸ ವಾಷರು ಹಾಕಿದೆವು. ಬೋರಿನ ಮಾತು ಅಲ್ಲಿಗೆ ನಿಂತಿತು. ಕಕ್ಕಸು ತೊಳೆಯುವ ಆಸಿಡ್ ಮಾತ್ರ ಹಾಕಬೇಡಿ, ಲೋಹವನ್ನೇ ತಿನ್ನುತ್ತದೆ.

ಶ್ರೀರಂಗಪಟ್ಟಣ: ಇಲ್ಲಿ ಷಡ್ಡಕರು ತೋಟದ ಟ್ಯಾಂಕಿಗೆ ಏರಿಸುವುದು ನಾಲೆ ನೀರು. ಮಳೆಗಾಲದ ಕೆಂಪು ನೀರಿನ ಜೊತೆ ಬಂದ ನುಣ್ಣನೆ ಮರಳು, ಗೋಡು ಲೈನಿನ ಅತಿ ತಗ್ಗಿನ ಬಾಗಿನಲ್ಲಿ ಕೂತಿತ್ತು. ಆ ಎಲ್ಬೋ ತೆಗೆದು ಟೀ ಹಾಕಿ, ಕೆಳಬಾಯಿಗೆ ತಿರುಪಿನ ಮುಚ್ಚಳ ಕೊಟ್ಟೆವು. ತಿಂಗಳಿಗೊಮ್ಮೆ ಮುಚ್ಚಳ ಬಿಚ್ಚಿದರೆ ಕೆಸರೆಲ್ಲ ಹೊರಗೆ. ಟ್ಯಾಂಕಿನ ಹೊರಪೈಪು ತಳಕ್ಕಿಂತ ಎರಡು ಇಂಚು ಮೇಲಿದ್ದರೆ ಗೋಡು ಲೈನಿಗೆ ಇಳಿಯುವುದೂ ಕಡಿಮೆ.

ಕೆ.ಆರ್. ಪೇಟೆ: ಸೋದರಮಾವನವರ ಮನೆಯ ಗೇಟ್‌ವಾಲ್ವಿನ ಚಕ್ರ ಸಲೀಸಾಗಿ ತಿರುಗುತ್ತಿತ್ತು, ಒಳಗಿನ ಬಾಗಿಲು ಏಳುತ್ತಿರಲಿಲ್ಲ. ದಂಡದಿಂದ ಕಳಚಿ ಅರ್ಧಕ್ಕೆ ನಿಂತಿತ್ತು. ಅದರ ಜಾಗಕ್ಕೆ ಬಾಲ್‌ವಾಲ್ವು ಹಾಕಿದೆವು. ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ ಎಂದು ಮಕ್ಕಳಿಗೂ ಗೊತ್ತಾಗುತ್ತದೆ.

ಪಾಂಡವಪುರ: ನಮ್ಮ ಹಿತ್ತಲಲ್ಲಿ ಬಕೆಟ್ಟು ತುಂಬಲು ನಾಲ್ಕು ನಿಮಿಷ. ನಲ್ಲಿ ಕಳಚಿದರೂ ಮೂರೂವರೆ. ಟ್ಯಾಂಕಿನ ಬುಡದಲ್ಲಿ ಅರ್ಧ ನಿಮಿಷ. ನಡುವೆ ಇದ್ದದ್ದು ಹಳೇ ಅರ್ಧ ಇಂಚಿನ ಜಿಐ ಪೈಪು, 60 ಅಡಿ. ಕೊಯ್ದು ನೋಡಿದರೆ ಒಳಗೆ ತುಕ್ಕು ಉಬ್ಬಿ ಪೆನ್ಸಿಲ್ ತೂರುವಷ್ಟೇ ತೂತು. ಇಂಥ ಪೈಪನ್ನು ತೊಳೆದು ಫಲವಿಲ್ಲ. ಮುಕ್ಕಾಲು ಇಂಚಿನ ಪಿವಿಸಿ ಎಳೆದು ಮಣ್ಣಲ್ಲಿ ಹೂತೆವು. ಈಗ 40 ಸೆಕೆಂಡು.

ಎತ್ತರ, ಅಗಲ

10 ಅಡಿ ಎತ್ತರದ ನೀರು ಕೊಡುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 0.3 ಕಿಲೋ ಮಾತ್ರ. ಮನೆ ಮೇಲಿನ ಟ್ಯಾಂಕಿನ ನೀರಿಗೆ ನೂಕುವ ಶಕ್ತಿ ಇಷ್ಟೇ. ಅದಕ್ಕೇ ಒಂದು ಚೂರು ಹಕ್ಕಳೆ, ಊದಿದ ಒಂದು ವಾಷರು ಸಾಕು ಧಾರೆ ಕೊಲ್ಲಲು. ಟ್ಯಾಂಕನ್ನು ಎರಡಡಿ ಏರಿಸುವುದಕ್ಕಿಂತ ಪೈಪಿನ ಅಗಲ ಹೆಚ್ಚಿಸುವುದು ಲಾಭ. ಅರ್ಧ ಇಂಚಿನಿಂದ ಮುಕ್ಕಾಲು ಇಂಚಿಗೆ ಹೋದರೆ ಅದೇ ಎತ್ತರದಲ್ಲಿ ನೀರು ಹೆಚ್ಚುಕಮ್ಮಿ ಎರಡರಷ್ಟು.

ಊರಿನ ಕುಡಿಯುವ ನೀರಿನ ಲೈನಿಗೆ ನೇರ ಮೋಟರು ಕಚ್ಚಿಸಿ ಎಳೆಯುವುದು ಬೇಡ. ಪಕ್ಕದ ಮನೆಯ ನೀರು ಕಸಿದಂತೆ ಆಗುತ್ತದೆ. ಪೈಪು ಎಲ್ಲಾದರೂ ಸೋರುತ್ತಿದ್ದರೆ ಚರಂಡಿಯ ಕೊಳೆಯೂ ಒಳಗೆ ಎಳೆಯುತ್ತದೆ.

ಎಲ್ಲ ಸರಿಯಿದ್ದಾಗ ಬಕೆಟ್ಟು ತುಂಬಿದ ಸೆಕೆಂಡನ್ನು ನಲ್ಲಿ ಪಕ್ಕದ ಗೋಡೆಗೆ ಬಣ್ಣದಲ್ಲಿ ಬರೆದಿಡಿ. ವರ್ಷಾ ವರ್ಷ ಶಿವರಾತ್ರಿ ಹೊತ್ತಿಗೆ ಮತ್ತೊಮ್ಮೆ ಅಳೆಯಿರಿ. ಕಾಲು ಪಾಲು ಹೆಚ್ಚು ಹಿಡಿದರೆ ಸ್ಪ್ಯಾನರ್ ತೆಗೆಯುವ ಕಾಲ ಬಂತೆಂದು ತಿಳಿಯಿರಿ.