ಟೈರ್ ತಿನ್ನುವ ಒಂದೂವರೆ ಮಿಲಿಮೀಟರ್

ಕಾರನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಮುಂದಿನ ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿ ನೋಡಿ. ಟೈರ್ ತೀರಾ ಸವೆದಿದ್ದರೆ ಒಳಗಿನ ಉಕ್ಕಿನ ತಂತಿ ಹೊರಗೆ ಬಂದಿರಬಹುದು, ಜೋಪಾನ. ಹೊರಗಿನಿಂದ ಒಳಕ್ಕೆ ಸವರುವಾಗ ನುಣುಪಾಗಿದ್ದು, ಒಳಗಿನಿಂದ ಹೊರಕ್ಕೆ ಸವರುವಾಗ ರಬ್ಬರಿನ ಅಂಚುಗಳು ಗರಗಸದ ಹಲ್ಲಿನಂತೆ ಬೆರಳಿಗೆ ತಾಗಿದರೆ, ಆ ಚಕ್ರ ಬೇಕಾದ್ದಕ್ಕಿಂತ ಹೆಚ್ಚು ಒಳಮುಖವಾಗಿ ನಿಂತಿದೆ ಎಂದರ್ಥ. ಕಣ್ಣಿಗೆ ಕಾಣದ ಓರೆ ಕೈಗೆ ಸಿಗುತ್ತದೆ. ಗ್ಯಾರೇಜಿನವರು ‘ಟೈರ್ ತಿಂತಾ ಇದೆ’ ಎನ್ನುವುದು ಇದಕ್ಕೇ.

ವೀಲ್ ಅಲೈನ್‌ಮೆಂಟ್‌ನಲ್ಲಿ ಅಳೆಯುವ ಕೋನಗಳು ಮುಖ್ಯವಾಗಿ ಮೂರು: ಟೋ, ಕ್ಯಾಂಬರ್, ಕ್ಯಾಸ್ಟರ್. ಇವುಗಳಲ್ಲಿ ಟೈರಿಗೆ ಅತಿ ಹೆಚ್ಚು ಹಾನಿ ಮಾಡುವುದು ಟೋ. ಮೇಲಿನಿಂದ ನೋಡಿದಾಗ ಎಡ, ಬಲ ಚಕ್ರಗಳ ಮುಂಭಾಗ ಒಂದರತ್ತ ಒಂದು ವಾಲಿದ್ದರೆ ಟೋ-ಇನ್, ದೂರ ಸರಿದಿದ್ದರೆ ಟೋ-ಔಟ್.

ಇದರ ಲೆಕ್ಕ ಮಾಡಿ ನೋಡುವಂಥದ್ದು. ಸಣ್ಣ ಕಾರಿನ ಟೈರಿನ ವ್ಯಾಸ ಸುಮಾರು 600 ಮಿ.ಮೀ. ಅದರ ಹಿಂದಿನ ಅಂಚಿಗಿಂತ ಮುಂದಿನ ಅಂಚು ಬರೀ 1.5 ಮಿ.ಮೀ. ಒಳಗಿದೆ ಎಂದಿಟ್ಟುಕೊಳ್ಳಿ. 600ಕ್ಕೆ 1.5 ಎಂದರೆ 400ಕ್ಕೆ 1. ಅಂದರೆ ಆ ಚಕ್ರವನ್ನು ಅದರ ಪಾಡಿಗೆ ಬಿಟ್ಟರೆ 400 ಮೀಟರ್ ಉರುಳುವಷ್ಟರಲ್ಲಿ ಒಂದು ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಆದರೆ ಎದುರಿನ ಚಕ್ರವೂ ಅಷ್ಟೇ ಓರೆಯಾಗಿ ಈ ಕಡೆಗೆ ಬರಲು ನೋಡುತ್ತಿರುತ್ತದೆ. ಎರಡರ ಜಗ್ಗಾಟದಲ್ಲಿ ಕಾರು ನೆಟ್ಟಗೆ ಹೋಗುತ್ತದೆ. ಸರಿಯಲಾಗದೆ ಉಳಿದ ದೂರವನ್ನು ರಬ್ಬರು ರಸ್ತೆಗೆ ಉಜ್ಜಿಕೊಂಡು ತೀರಿಸುತ್ತದೆ. ಕಿಲೋಮೀಟರಿಗೆ ಎರಡೂವರೆ ಮೀಟರ್, 10,000 ಕಿ.ಮೀ. ಓಡುವಷ್ಟರಲ್ಲಿ 25 ಕಿ.ಮೀ. ಅಡ್ಡಡ್ಡ ಉಜ್ಜಾಟ. ಹೊಸ ಟೈರಿನ ಗೀರುಗಳ ಆಳ ಸಾಮಾನ್ಯವಾಗಿ ಏಳೆಂಟು ಮಿ.ಮೀ. ಅಷ್ಟೆ. ಅದು 1.6 ಮಿ.ಮೀ.ಗೆ ಇಳಿದರೆ ಟೈರ್ ಬದಲಿಸಲೇಬೇಕು.

ಸ್ಟೇರಿಂಗ್ ಎಳೆಯುತ್ತಿಲ್ಲ, ಹಾಗಾಗಿ ಅಲೈನ್‌ಮೆಂಟ್ ಸರಿಯಿದೆ ಎಂದು ತುಂಬ ಜನ ನಂಬಿದ್ದಾರೆ. ಅದು ನಿಜವಲ್ಲ. ಎರಡೂ ಚಕ್ರ ಸಮಸಮವಾಗಿ ಓರೆಯಾಗಿದ್ದರೆ ಸ್ಟೇರಿಂಗ್ ಏನೂ ಹೇಳುವುದಿಲ್ಲ, ಟೈರ್ ಮಾತ್ರ ಸವೆಯುತ್ತಿರುತ್ತದೆ, ಉಜ್ಜಾಟಕ್ಕೆ ಒಂದಿಷ್ಟು ಇಂಧನವೂ ಹೋಗುತ್ತಿರುತ್ತದೆ. ಇನ್ನೊಂದು ಕಡೆ, ಕಾರು ಎಳೆದ ತಕ್ಷಣ ಅಲೈನ್‌ಮೆಂಟನ್ನೇ ದೂರುವುದೂ ತಪ್ಪು. ಒಂದು ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ, ಒಂದು ಬ್ರೇಕ್ ಹಿಡಿದುಕೊಂಡಿದ್ದರೂ ಹಾಗಾಗುತ್ತದೆ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನೇ ಅಂಚಿನ ಕಡೆಗೆ ಇಳಿಜಾರಾಗಿ ಮಾಡಿರುತ್ತಾರೆ. ನಾವು ಎಡಬದಿಯಲ್ಲಿ ಓಡಿಸುವವರಾದ್ದರಿಂದ ಕೈಬಿಟ್ಟರೆ ಕಾರು ತುಸು ಎಡಕ್ಕೆ ಸರಿಯುವುದು ಸಹಜ.

ಹಾಗಾದರೆ ಚಕ್ರಗಳನ್ನು ಪೂರಾ ಸಮಾನಾಂತರವಾಗಿಯೇ ಇಟ್ಟುಬಿಡಬಹುದಲ್ಲ? ವಿಷಯ ಅಷ್ಟು ಸರಳವಿಲ್ಲ. ಚಕ್ರವನ್ನು ಹಿಡಿದಿರುವ ತೋಳುಗಳ ಕೀಲಿನಲ್ಲಿ ರಬ್ಬರ್ ಬುಷ್‌ಗಳಿವೆ. ಭಾರ ಬಿದ್ದಾಗ ಅವು ಬಾಗುತ್ತವೆ. ಬೊಲೆರೊ, ಹಳೆಯ ಅಂಬಾಸಿಡರ್‌ನಂಥ ಗಾಡಿಗಳಲ್ಲಿ ಹಿಂದಿನ ಚಕ್ರ ತಳ್ಳುತ್ತದೆ, ರಸ್ತೆಯ ಎಳೆತ ಮುಂದಿನ ಚಕ್ರಗಳನ್ನು ಹಿಂದಕ್ಕೆ ದೂಡುತ್ತದೆ. ಆಗ ಅವು ಹೊರಮುಖವಾಗಲು ನೋಡುತ್ತವೆ, ಆದ್ದರಿಂದ ನಿಂತಾಗಲೇ ಕೊಂಚ ಟೋ-ಇನ್ ಕೊಟ್ಟಿರುತ್ತಾರೆ. ಸ್ವಿಫ್ಟ್, ಐ10 ತರಹದ ಕಾರುಗಳಲ್ಲಿ ಮುಂದಿನ ಚಕ್ರವೇ ಎಳೆಯುವುದರಿಂದ ಲೆಕ್ಕ ಬೇರೆ. ಅಲ್ಲಿ ಟೋ ಬಹುತೇಕ ಸೊನ್ನೆಯ ಆಸುಪಾಸು. ಕಂಪನಿ ಕೊಟ್ಟ ಅಂಕಿ ನಿಂತ ಕಾರಿಗೆ, ಅದರ ಉದ್ದೇಶ ಓಡುವ ಕಾರು.

ತಿರುವಿನಲ್ಲಂತೂ ಮುಂದಿನ ಚಕ್ರಗಳು ಸಮಾನಾಂತರವಾಗಿ ಇರಲೇಬಾರದು. ಒಳಗಿನ ಚಕ್ರ ಸಣ್ಣ ವೃತ್ತದಲ್ಲಿ, ಹೊರಗಿನದು ದೊಡ್ಡ ವೃತ್ತದಲ್ಲಿ ಸುತ್ತಬೇಕು. ಒಳಗಿನದು ಹೆಚ್ಚು ತಿರುಗಬೇಕು. ಇದಕ್ಕೆ ಬೇಕಾದ ಸಂಧಿಗಳ ಜೋಡಣೆಯನ್ನು ಕುದುರೆಗಾಡಿಗಳಿಗಾಗಿ ರೂಪಿಸಿದವನು ಮ್ಯೂನಿಕ್‌ನ ಗಾಡಿ ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್. ಇಂಗ್ಲೆಂಡಿನಲ್ಲಿ ಅವನ ಪ್ರತಿನಿಧಿಯಾಗಿದ್ದ ರುಡಾಲ್ಫ್ ಆಕರ್‌ಮನ್ 1818ರಲ್ಲಿ ಪೇಟೆಂಟ್ ಪಡೆದ. ಹೆಸರು ಉಳಿದದ್ದು ಪ್ರತಿನಿಧಿಯದು: ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದಿಗೂ ಓದುವುದು ಆಕರ್‌ಮನ್ ಸ್ಟೇರಿಂಗ್ ಎಂದೇ.

ಕ್ಯಾಂಬರ್ ಎಂದರೆ ಕಾರಿನ ಮುಂದೆ ನಿಂತು ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು. ಇದು ಹೆಚ್ಚಾದರೆ ಟೈರಿನ ಒಂದೇ ಅಂಚು ನುಣ್ಣಗೆ ಸವೆಯುತ್ತದೆ. ಕ್ಯಾಸ್ಟರ್ ಪಕ್ಕದಿಂದ ಕಾಣುವ ಓರೆ. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗಿರದೆ ಹಿಂದಕ್ಕೆ ವಾಲಿರುತ್ತದಲ್ಲ, ಅದೇ. ತಿರುವು ಮುಗಿಸಿ ಹಿಡಿತ ಸಡಿಲಿಸಿದಾಗ ಸ್ಟೇರಿಂಗ್ ತಾನಾಗಿ ನಡುವಿಗೆ ಮರಳುವುದರಲ್ಲಿ ಇದರ ಪಾಲು ದೊಡ್ಡದು.

ಈ ಕೋನಗಳು ಕೆಡುವುದು ಹೇಗೆ? ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿದವರಿಗೆ ಉತ್ತರ ಗೊತ್ತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅರ್ಧ ಮೀಟರ್ ಅಗಲದ ಗುಂಡಿಯನ್ನು ದಾಟಲು ಚಕ್ರಕ್ಕೆ ಸಿಗುವುದು 0.03 ಸೆಕೆಂಡ್. ಅಷ್ಟರಲ್ಲಿ ಗುಂಡಿಯ ಆಚೆ ಅಂಚಿಗೆ ಬಡಿದ ಪೆಟ್ಟು ರಿಮ್ಮಿನಿಂದ ಚಕ್ರವನ್ನು ಹಿಡಿದಿರುವ ಕೆಳತೋಳಿಗೆ (ಲೋಯರ್ ಆರ್ಮ್), ಚಕ್ರವನ್ನು ತಿರುಗಿಸುವ ಟೈ ರಾಡಿಗೆ ಹೋಗುತ್ತದೆ. ಒಂದೆರಡು ಮಿಲಿಮೀಟರ್ ಬಾಗಿದರೆ ಸಾಕು. ಕಾಣದ ಹಂಪ್‌ಗಳು, ಫುಟ್‌ಪಾತಿನ ಅಂಚಿಗೆ ಚಕ್ರ ಹತ್ತಿಸಿ ನಿಲ್ಲಿಸುವ ಅಭ್ಯಾಸವೂ ಇದೇ ಕೆಲಸ ಮಾಡುತ್ತವೆ.

ಈಗಿನ ತ್ರೀಡಿ ಯಂತ್ರ ನಾಲ್ಕೂ ಚಕ್ರಕ್ಕೆ ಫಲಕ ಕಟ್ಟಿ, ಕ್ಯಾಮೆರಾದಿಂದ ನೋಡಿ, ಕಾರನ್ನು ಸ್ವಲ್ಪ ಹಿಂದೆಮುಂದೆ ಉರುಳಿಸಿ ಕೋನಗಳನ್ನು ಲೆಕ್ಕ ಹಾಕುತ್ತದೆ. ಆದರೆ ಯಂತ್ರ ಅಳೆಯುತ್ತದೆ ಅಷ್ಟೆ, ಸರಿಪಡಿಸುವುದು ಮೆಕ್ಯಾನಿಕ್‌ನ ಸ್ಪ್ಯಾನರ್. ಟೈ ರಾಡಿನ ಲಾಕ್ ನಟ್ ಸಡಿಲಿಸಿ, ರಾಡ್ ತಿರುಗಿಸಿ ಟೋ ಕೂರಿಸುತ್ತಾರೆ. ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಹೀಗೆ ಹೊಂದಿಸಲು ಬರುವುದು ಮುಂದಿನ ಟೋ ಒಂದೇ. ಯಂತ್ರದ ಪರದೆಯಲ್ಲಿ ಕ್ಯಾಂಬರ್, ಕ್ಯಾಸ್ಟರ್ ಅಂಕಿ ಮಿತಿ ಮೀರಿ ಕೆಂಪಾಗಿ ಕಂಡರೆ ಏನೋ ಬಾಗಿದೆ ಅಥವಾ ಸವೆದಿದೆ ಎಂದೇ ತಿಳಿಯಬೇಕು. ಬುಷ್, ಬಾಲ್ ಜಾಯಿಂಟ್ ಸಡಿಲವಾಗಿರುವ ಕಾರಿಗೆ ಅಲೈನ್‌ಮೆಂಟ್ ಮಾಡಿಸುವುದು ದುಡ್ಡು ದಂಡ. ಮುಂದಿನ ಗುಂಡಿಗೇ ಅಂಕಿ ಬದಲಾಗುತ್ತದೆ.

ಅಲೈನ್‌ಮೆಂಟ್ ಜೊತೆಗೇ ಕೇಳಿಬರುವ ವೀಲ್ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತ ತೂಕ ಸಮವಾಗಿಸುವುದು, ಬೇರೆಯದೇ ಕೆಲಸ. ವೇಗ 80 ದಾಟಿದ ಮೇಲೆ ಸ್ಟೇರಿಂಗ್ ನಡುಗಿದರೆ ಮೊದಲು ನೋಡಬೇಕಾದ್ದು ಅದನ್ನು.

ಐದರಿಂದ ಹತ್ತು ಸಾವಿರ ಕಿ.ಮೀ.ಗೊಮ್ಮೆ ಅಲೈನ್‌ಮೆಂಟ್ ನೋಡಿಸಿ ಎನ್ನುವುದು ರೂಢಿಯ ಸಲಹೆ. ಜೋರಾಗಿ ಗುಂಡಿಗೆ ಬಿದ್ದರೆ, ಹೊಸ ಟೈರ್ ಹಾಕಿಸಿದರೆ, ಸಸ್ಪೆನ್ಷನ್ ಭಾಗ ಬದಲಿಸಿದರೆ ಅಷ್ಟು ದಿನ ಕಾಯಬೇಡಿ. ಅಂಗಡಿಗೆ ಹೋದಾಗ ಮೊದಲು ನಾಲ್ಕೂ ಟೈರಿನ ಗಾಳಿ ಸರಿಮಾಡಿಸಿ, ಕಾರನ್ನು ಮೇಲೆತ್ತಿ ಕೀಲುಗಳನ್ನು ಅಲ್ಲಾಡಿಸಿ ನೋಡಲು ಹೇಳಿ. ಕೊನೆಗೆ, ಸರಿಪಡಿಸುವ ಮುಂಚಿನ ಮತ್ತು ನಂತರದ ಅಂಕಿಗಳಿರುವ ಪ್ರಿಂಟ್ ಕೇಳಿ ಪಡೆಯಿರಿ, ಕಾರಿನ ಕಾಗದಪತ್ರದ ಜೊತೆ ಇಟ್ಟುಕೊಳ್ಳಿ.