ಕ್ಯಾನ್ಸರ್ ಔಷಧಕ್ಕೆ ‘ನ್ಯಾನೋ’ ಹೊದಿಕೆ: ಲಾಭವೇನು, ಮಿತಿಯೇನು?

ಕೀಮೋ ಚೀಟಿಯಲ್ಲಿ ಕೆಲವೊಮ್ಮೆ ‘ಡಾಕ್ಸೊರುಬಿಸಿನ್’ ಎಂದಿರುತ್ತದೆ, ಕೆಲವೊಮ್ಮೆ ‘ಲಿಪೋಸೋಮಲ್ ಡಾಕ್ಸೊರುಬಿಸಿನ್’. ಎರಡನೆಯದರ ರೇಟು ಜಾಸ್ತಿ. ಒಳಗಿರೋದು ಅದೇ ಔಷಧ, ಹೊದಿಕೆ ಮಾತ್ರ ಬೇರೆ. ಹಾಗಿದ್ರೆ ಹೆಚ್ಚು ದುಡ್ಡು ಯಾಕೆ?

ಮಾಮೂಲಿ ಕೀಮೋ ಔಷಧ ರಕ್ತದ ಜೊತೆ ಇಡೀ ಮೈಗೆ ಹೋಗುತ್ತದೆ. ಕ್ಯಾನ್ಸರ್ ಕೋಶದ ಜೊತೆಗೆ ಕೂದಲ ಬುಡ, ಬಾಯಿ, ಕರುಳಿನ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಡಾಕ್ಸೊರುಬಿಸಿನ್ ಹೃದಯವನ್ನೂ ದುರ್ಬಲ ಮಾಡಬಲ್ಲದು. ಅದಕ್ಕೇ ಒಬ್ಬರಿಗೆ ಒಟ್ಟು ಎಷ್ಟು ಕೊಡಬಹುದು ಎಂಬುದಕ್ಕೆ ಮಿತಿ ಇದೆ.

ಲಿಪೋಸೋಮ್ ಅಂದರೆ ಕೊಬ್ಬಿನಂಥ ಪದಾರ್ಥದ ಪುಟ್ಟ ಗುಳ್ಳೆ. ಅಗಲ ಸುಮಾರು 100 ನ್ಯಾನೋಮೀಟರ್, ಅಂದರೆ ತಲೆಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲು. ಔಷಧ ಈ ಗುಳ್ಳೆಯೊಳಗಿರುತ್ತದೆ. ಆರೋಗ್ಯವಾಗಿರುವ ರಕ್ತನಾಳದ ಗೋಡೆಯಿಂದ ಗುಳ್ಳೆ ಸುಲಭವಾಗಿ ಹೊರಬರಲ್ಲ. ಕ್ಯಾನ್ಸರ್ ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದವು, ಸೋರುತ್ತವೆ. ಗುಳ್ಳೆ ಅಲ್ಲಿ ಹೊರಬಿದ್ದು ಉಳಿಯುತ್ತದೆ. ಅಮೆರಿಕದಲ್ಲಿ ಇದಕ್ಕೆ 1995ರಲ್ಲಿ ಒಪ್ಪಿಗೆ ಸಿಕ್ಕಿತು. 2012ರಲ್ಲಿ ಅಲ್ಲಿ ಈ ಔಷಧದ ಕೊರತೆಯಾದಾಗ, ಭಾರತದ ಸನ್ ಫಾರ್ಮಾ ಕಂಪನಿಯ ‘ಲಿಪೋಡಾಕ್ಸ್’ ತರಿಸಿಕೊಂಡರು.

ಪತ್ತೆ ಕೆಲಸಕ್ಕೂ ನ್ಯಾನೋ ಕಣ ಬಳಕೆಯಲ್ಲಿದೆ. ಸ್ತನ ಕ್ಯಾನ್ಸರ್‌ನಲ್ಲಿ ಅಲ್ಪ ವಿಕಿರಣ ಸೂಸುವ ಕಣಗಳನ್ನು ಸ್ತನಕ್ಕೆ ಚುಚ್ಚುತ್ತಾರೆ. ಅವು ಕಂಕುಳಲ್ಲಿ ಮೊದಲು ಸೇರುವ ಗ್ರಂಥಿಯನ್ನು ತೆಗೆದು ಪರೀಕ್ಷಿಸುತ್ತಾರೆ. ಅದರಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಸಾಮಾನ್ಯವಾಗಿ ಉಳಿದ ಗ್ರಂಥಿಗಳನ್ನು ತೆಗೆಯಬೇಕಿಲ್ಲ. ಕೈ ಊದಿಕೊಳ್ಳುವ ತೊಂದರೆಯೂ ಕಡಿಮೆ.

ಹಾಗಂತ ಇದು ಗುರಿ ತಪ್ಪದ ಬಾಣವೇನಲ್ಲ. ಪ್ರಾಣಿಗಳ ಮೇಲಿನ ಹತ್ತು ವರ್ಷಗಳ ಪ್ರಯೋಗಗಳನ್ನು 2016ರಲ್ಲಿ ಒಟ್ಟಿಗೆ ನೋಡಿದಾಗ, ಚುಚ್ಚಿದ ಕಣಗಳಲ್ಲಿ ಗಡ್ಡೆ ಸೇರುತ್ತಿದ್ದದ್ದು ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ ಎಂದು ಕಂಡುಬಂತು. ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ ಎರಡೂ ಬಗೆಯ ಡಾಕ್ಸೊರುಬಿಸಿನ್ ಹೋಲಿಸಿದಾಗ ಗುಣ ಹೆಚ್ಚುಕಮ್ಮಿ ಒಂದೇ ಇತ್ತು. ಹೃದಯಕ್ಕೆ ಆಗುವ ಹಾನಿ ಕಡಿಮೆಯಾಗಿತ್ತು. ಬದಲಿಗೆ ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಏಳುವ ತೊಂದರೆ ಹೆಚ್ಚು.

ಅಂದರೆ ಹೆಚ್ಚಿನ ದುಡ್ಡು ಹೋಗೋದು ಮುಖ್ಯವಾಗಿ ಹೃದಯದ ರಕ್ಷಣೆಗೆ. ಎಲ್ಲರಿಗೂ ಅದು ಬೇಕೇ ಬೇಕು ಅಂತಿಲ್ಲ. ‘ನಮ್ಮವರಿಗೆ ಇದೇ ಯಾಕೆ? ಮಾಮೂಲಿಯದು ಸಾಲದಾ?’ ಎಂದು ಡಾಕ್ಟರನ್ನು ಕೇಳಬಹುದು.

ಮೆಡಿಕಲ್ ಶಾಪ್‌ನವರೂ ಗಮನಿಸಬೇಕು: ಎರಡರ ಡೋಸ್ ಬೇರೆ ಬೇರೆ. ಹೆಸರು ಒಂದೇ ಅಂತ ಒಂದರ ಬದಲು ಇನ್ನೊಂದು ಕೊಟ್ಟರೆ ಜೀವಕ್ಕೇ ಅಪಾಯ. ಚೀಟಿಯಲ್ಲಿ ‘ಲಿಪೋಸೋಮಲ್’ ಇದೆಯೋ ಇಲ್ಲವೋ ನೋಡಿಯೇ ಕೊಡಿ. ಅನುಮಾನ ಬಂದರೆ ಡಾಕ್ಟರಿಗೆ ಫೋನ್ ಮಾಡಿ.