ಕೊಡಗಿನ ಮನೆಯ ಕೋವಿ

ಕೊಡಗಿನ ಕೋವಿಯೆಂದೊಡನೆ ನಮ್ಮ ವಾಚಕರಲ್ಲಿ ಬಹುಮಂದಿಗೆ 1949ರಲ್ಲಿ ಭಾರತದ ಸೇನಾಧಿಪತ್ಯವನ್ನು ವಹಿಸಿಕೊಂಡ ಕಾರ್ಯಪ್ಪನವರೂ, 1957ರಲ್ಲಿ ಅದೇ ಪದವಿಗೇರಿದ ತಿಮ್ಮಯ್ಯನವರೂ ನೆನಪಿಗೆ ಬರುವುದು ಸಹಜ. ಆದರೆ ನಾವು ಹೇಳಹೊರಟಿರುವುದು ರಣರಂಗದ ಆಯುಧದ ಮಾತಲ್ಲ. ಬೆಳಗ್ಗೆ ಗುದ್ದಲಿಯೊಡನೆ ಗದ್ದೆಗೆ ಹೋಗಿ, ಸಂಜೆ ಗುದ್ದಲಿಯೊಡನೆಯೇ ಮನೆಗೆ ಹಿಂದಿರುಗುತ್ತಿದ್ದ ಹಳೆಯ ಬೇಟೆಯ ಕೋವಿಯ ಮಾತು.

ಉಪಾಧ್ಯಾಯವೃತ್ತಿಯ ಮೊದಲ ಕೆಲವು ವರ್ಷಗಳನ್ನು ನಾವು ದಕ್ಷಿಣ ಕೊಡಗಿನ ಒಂದು ಹಳ್ಳಿಯಲ್ಲಿ ಕಳೆದೆವು. ಬಿಡಾರ, ಒಂದು ಕೊಡವ ಮನೆತನದವರ ಹೊರಕೋಣೆಯಲ್ಲಿ. ಬಯಲುಸೀಮೆಯಲ್ಲಿ ಹುಟ್ಟಿ, ಅಮರಕೋಶ ರಘುವಂಶಗಳನ್ನು ಉರುಹೊಡೆದು ಬೆಳೆದ ನಾವು ಅದುವರೆಗೆ ಪೋಲೀಸಿನವರ ಹೆಗಲ ಮೇಲಲ್ಲದೆ ಬೇರೆಲ್ಲಿಯೂ ಬಂದೂಕವನ್ನು ಕಂಡವರಲ್ಲ. ಆ ಮನೆಯಲ್ಲಾದರೋ ಮೊರ, ಒನಕೆ, ಕುಡುಗೋಲುಗಳ ನೆರೆಯಲ್ಲಿಯೇ ಎರಡು ಕೋವಿಗಳು ಗೋಡೆಗೆ ತೂಗುಬಿದ್ದಿದ್ದವು. ಒಂದು ಒಂಟಿನಳಿಗೆಯ ತೋಟಾಕೋವಿ; ಇನ್ನೊಂದು, ಯಜಮಾನರ ತಂದೆಯ ಕಾಲದ ರೈಫಲು. ನಳಿಗೆಯ ನೀಲಿ ಬಣ್ಣವು ಕೈ ಹಿಡಿಯುವ ಎಡೆಯಲ್ಲೆಲ್ಲ ಅಳಿಸಿಹೋಗಿ ಬಿಳಿಯ ಉಕ್ಕು ಇಣುಕುತ್ತಿತ್ತು. ಮರದ ಹಿಡಿಯು ಬೆವರನ್ನೂ ಎಣ್ಣೆಯನ್ನೂ ಕುಡಿದು ಕಪ್ಪಗಾಗಿ, ಕೆನ್ನೆ ತಾಗುವ ಭಾಗವು ದೇವಾಲಯದ ಹೊಸ್ತಿಲಿನಂತೆ ನುಣುಪಾಗಿತ್ತು. ಒಂದೆಡೆ ಸೀಳಿದ್ದ ಮರಕ್ಕೆ ತಾಮ್ರದ ತಂತಿಯ ಬಂಧನ ಬೇರೆ! ನಾವು ತಿಳಿಯದೆ, “ಇವು ಇನ್ನೂ ಕೆಲಸಕ್ಕೆ ಬರುವುವೆ?” ಎಂದು ಕೇಳಿಬಿಟ್ಟೆವು. ಮನೆಯೊಡತಿ ನಕ್ಕು, “ನಿಮ್ಮ ಮನೆಯ ಒರಳುಕಲ್ಲು ಸವೆದರೆ ಎಸೆದುಬಿಡುತ್ತೀರಾ, ಮಾಸ್ತರೇ?” ಎಂದರು. ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ.

ಈ ಎರಡಕ್ಕೂ ಇರುವ ಭೇದವನ್ನು ಯಜಮಾನರೇ ನಮಗೆ ಬೋಧಿಸಿದರು. ರೈಫಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಅವುಗಳಿಂದ ಗುಂಡು ಬುಗುರಿಯಂತೆ ತಿರುಗುತ್ತ ಹೊರಟು ದೂರದವರೆಗೂ ನೇರವಾಗಿ ಸಾಗುತ್ತದೆ. ತೋಟಾಕೋವಿಯ ಒಳಮೈ ನುಣುಪು. ಅದರಿಂದ ಹೊರಡುವ ಚರೆಗಳು ಹರಡಿಕೊಳ್ಳುವುದರಿಂದ ಹತ್ತಿರದ ಗುರಿಗೇ ಅದು ಯೋಗ್ಯ. ಹನ್ನೆರಡು ಬೋರಿನ ಕೋವಿಯೆಂಬ ಮಾತನ್ನು ಕೇಳಿರುವಿರಷ್ಟೆ? ಒಂದು ಪೌಂಡು ಸೀಸದಿಂದ ಸಮನಾದ 12 ಗುಂಡುಗಳನ್ನು ಮಾಡಿದರೆ ಅವುಗಳಲ್ಲೊಂದು ಯಾವ ನಳಿಗೆಗೆ ಸರಿಯಾಗಿ ಹೊಂದುವುದೋ ಅದೇ ಹನ್ನೆರಡು ಬೋರು. ಆದಕಾರಣ ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುತ್ತದೆ. ಗಣಿತದ ತರಗತಿಯಲ್ಲಿ ವಿಲೋಮಾನುಪಾತಕ್ಕೆ ಉದಾಹರಣೆಯಾಗಿ ಇದನ್ನೇ ಹೇಳಿದಾಗ, ಅಂದು ನಿದ್ರಿಸುತ್ತಿದ್ದ ಹುಡುಗರೂ ಎದ್ದು ಕುಳಿತರು.

ಇನ್ನು ಅವುಗಳ ಶುಶ್ರೂಷೆ. ಕೊಡಗಿನ ಮಳೆಗಾಲದಲ್ಲಿ ತುಕ್ಕು ಹಿಡಿಯದ ಕಬ್ಬಿಣವಿಲ್ಲ. ಹಿಂದಿನ ಕೇಪಿನ ಕೋವಿಗಳಲ್ಲಿ ಕರಿಮದ್ದನ್ನು ಸುಟ್ಟ ಮೇಲೆ ನಳಿಗೆಯೊಳಗೆ ಉಳಿಯುವ ಲವಣಗಳು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತಿದ್ದವು. ಆ ಲವಣಗಳು ಎಣ್ಣೆಗೆ ಕರಗುವುವಲ್ಲ, ನೀರಿಗೆ ಕರಗುವುವು. ಆದುದರಿಂದ ಮೊದಲು ಕುದಿಯುವ ನೀರು, ಆಮೇಲೆ ಒಣಬಟ್ಟೆ, ಕಡೆಗೆ ಎಣ್ಣೆ ಎಂಬುದು ಹಿರಿಯರ ಕ್ರಮ. ಅತಿಯಾದ ಭಕ್ತಿಯೂ ಕೇಡೇ: ಸರಳನ್ನು ಬಾಯಿಯ ಕಡೆಯಿಂದ ಓರೆಯಾಗಿ ತೂರಿ ತಿಕ್ಕಿದರೆ ನಳಿಗೆಯ ತುದಿ ಸವೆದು ರೈಫಲಿನ ಗುರಿಯೇ ಕೆಡುತ್ತದೆ.

ನಾಟಿಯ ಕೆಲಸ ಮುಗಿದ ಮೇಲೆ, ಆಗಸ್ಟ್ ಸೆಪ್ಟೆಂಬರುಗಳ ಸಂಧಿಯಲ್ಲಿ, ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಅಂದು ಕೋವಿ, ಕತ್ತಿಗಳನ್ನೂ ಬೇಸಾಯದ ಉಪಕರಣಗಳನ್ನೂ ತೊಳೆದು, ಗಂಧವಿಟ್ಟು ಪೂಜಿಸುತ್ತಾರೆ. ಕೋವಿಗೆ ಮುಡಿಸುವ ಹೂವೊಂದುಂಟು. ಕೆಂಪು ಹಳದಿಯ ಜ್ವಾಲೆಯಂತಹ ಆ ಕಾಡುಬಳ್ಳಿಯ ಹೂವಿಗೆ ಕೊಡವ ಭಾಷೆಯಲ್ಲಿ ತೋಕ್‌ಪೂ, ಅಂದರೆ ಕೋವಿಹೂ, ಎಂದು ಹೆಸರು. ನಮ್ಮ ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಅದೇ ಬಳ್ಳಿ ಅಗ್ನಿಶಿಖೆ. ಅದಕ್ಕೇ ಲಾಂಗಲೀ ಎಂದೂ ಹೆಸರು. ಲಾಂಗಲವೆಂದರೆ ನೇಗಿಲು, ವಿಷಮಯವಾದ ಅದರ ಗೆಡ್ಡೆಯು ನೇಗಿಲಿನ ಆಕಾರದಲ್ಲಿರುತ್ತದೆ. ಒಂದೇ ಗಿಡದ ಗೆಡ್ಡೆಯನ್ನು ನೋಡಿದವರು ನೇಗಿಲೆಂದರು, ಹೂವನ್ನು ನೋಡಿದವರು ಕೋವಿಯೆಂದರು! ಆಯುಧವೆಂಬ ಶಬ್ದವು ಯುದ್ಧಾರ್ಥಕವಾದ ಧಾತುವಿನಿಂದ ಹುಟ್ಟಿತೆಂದು ಹುಡುಗರಿಗೆ ಪಾಠ ಹೇಳುತ್ತಿದ್ದ ನಾವು, ಆ ಮನೆಯ ಪೂಜೆಯನ್ನು ಕಂಡ ಮೇಲೆ, ಬಡಗಿಯ ಉಳಿಯನ್ನೂ ಆಯುಧವೆನ್ನುವ ಕನ್ನಡಿಗರ ರೂಢಿಯೇ ಹೆಚ್ಚು ವಿವೇಕದ್ದೆಂದು ಒಪ್ಪಿಕೊಂಡೆವು.

ಆದರೆ ಕೋವಿಯ ಅತಿ ಮುಖ್ಯವಾದ ಕೆಲಸವನ್ನು ನಾವು ಕಂಡುದು, ಅಲ್ಲ, ಕೇಳಿದುದು, ಒಂದು ಮಾಘಮಾಸದ ರಾತ್ರಿಯಲ್ಲಿ. ಕಣಿವೆಯ ಆಚೆಯಿಂದ ಒಂದು ಶಬ್ದ ಬಂತು. ತುಸು ಬಿಟ್ಟು ಇನ್ನೊಂದು. ಊಟ ಮಾಡುತ್ತಿದ್ದ ಯಜಮಾನರು ಕೈಯೆತ್ತಿ ಮೂರನೆಯದಕ್ಕಾಗಿ ಕಾದರು. ಬರಲಿಲ್ಲ. ಅವರು ಎಲೆಯನ್ನು ಬಿಟ್ಟು ಎದ್ದು, ಕೈತೊಳೆದು, ಬಿಳಿಯ ಬಟ್ಟೆಯನ್ನುಟ್ಟು ಲಾಟೀನು ಹಿಡಿದು ಹೊರಟೇಬಿಟ್ಟರು. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಎಂಬುದನ್ನು ಮನೆಯೊಡತಿ ಆಮೇಲೆ ತಿಳಿಸಿದರು. ಮನೆಗಳು ಊರಾಗಿ ಒಟ್ಟುಗೂಡದೆ, ಗದ್ದೆ ತೋಟಗಳ ನಡುವೆ ದೂರದೂರವಿರುವ ನಾಡಿನಲ್ಲಿ ದುಃಖವನ್ನು ನೆರೆಯವರಿಗೆ ತಲುಪಿಸಲು ಅದಕ್ಕಿಂತ ಶೀಘ್ರವಾದ ದೂತನೆಲ್ಲಿ? ಹುತ್ತರಿಯ ರಾತ್ರಿ ಹೊಸ ತೆನೆಯನ್ನು ಕೊಯ್ಯುವಾಗಲೂ ಗುಂಡು ಹಾರುತ್ತದೆ. ಹೀಗೆ ಜನನ, ಮರಣ, ಬೆಳೆ ಮೂರಕ್ಕೂ ಅದೇ ನಾಲಗೆ.

ಸರ್ಕಾರದ ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರು ಕೊಡವರನ್ನು ನಿಶ್ಶಸ್ತ್ರೀಕರಣದ ಕಾಯಿದೆಯಿಂದ ಬಿಡುಗಡೆ ಮಾಡಿದರು. ಸ್ವಾತಂತ್ರ್ಯಾನಂತರ, 1959ರ ಶಸ್ತ್ರಾಸ್ತ್ರ ಕಾಯಿದೆಯ ಕೆಳಗೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಮುಂದುವರಿಯಿತು. ಜಿಲ್ಲೆಯ ಹೊರಗೆ ಒಯ್ಯುವುದಾದರೆ ಒಂದು ರೈಫಲಿಗೆ 100 ಗುಂಡು, ಒಂದು ಕೋವಿಗೆ 500 ತೋಟೆ ಎಂದು ಮಿತಿಯುಂಟು. 2019ರಲ್ಲಿ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿದರು. ಅದನ್ನು ಪ್ರಶ್ನಿಸಿ ಹೂಡಿದ್ದ ಅರ್ಜಿಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು 2021ರಲ್ಲಿ ಒಪ್ಪಲಿಲ್ಲ.

ಕೋವಿಯ ಜೀವಿತವನ್ನು ನಿಜವಾಗಿ ಬದಲಿಸಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಬೇಟೆ ನಿಂತಿತು. ನಿಂತದ್ದು ಒಳ್ಳೆಯದೆಂದೇ ನಮ್ಮ ಮತ. ಹುಲಿಯನ್ನು ಕೊಂದವನನ್ನು ಸತ್ತ ಹುಲಿಯ ಪಕ್ಕದಲ್ಲಿ ಮದುಮಗನಂತೆ ಕೂರಿಸಿ ಸತ್ಕರಿಸುತ್ತಿದ್ದ ನರಿಮಂಗಲವನ್ನು ನೆನೆದು ಕಣ್ಣೀರಿಡುವವರ ಗುಂಪಿಗೆ ನಾವು ಸೇರಿದವರಲ್ಲ. ಆದರೂ ಯಜಮಾನರ ಸಂಕಟ ಬೇರೆಯಾಗಿತ್ತು. “ಕೊಲ್ಲಬೇಕೆಂಬ ಆಸೆ ನನಗಿಲ್ಲ, ಮಾಸ್ತರೇ. ಆನೆ ಗದ್ದೆಗಿಳಿದಾಗ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತೇನೆ. ಅದೂ ಈಗ ಹೆದರುವುದಿಲ್ಲ. ಕೆಲಸವಿಲ್ಲದ ಕೋವಿಯನ್ನು ಮಕ್ಕಳು ಆಟದ ಸಾಮಾನೆಂದುಕೊಂಡರೆ ಏನು ಗತಿ?” ಎನ್ನುತ್ತಿದ್ದರು. ನಿತ್ಯ ಕೈಯಲ್ಲಿದ್ದುದರ ಅಪಾಯವು ಕೈಗೆ ಗೊತ್ತಿರುತ್ತದೆ. ವರ್ಷಕ್ಕೊಮ್ಮೆ ಹಿಡಿಯುವವನಿಗೆ ಅದು ಎಲ್ಲಿಂದ ಬರಬೇಕು?

ಕಳೆದ ಕೈಲ್‌ಪೊಳ್ದಿಗೆ ಆ ಮನೆಯವರು ನಮ್ಮನ್ನು ಕರೆದಿದ್ದರು. ಯಜಮಾನರು ಈಗಿಲ್ಲ. ಗೋಡೆಯ ಗೂಟಗಳು ಬರಿದಾಗಿವೆ. ಕೋವಿಗಳು ಬೀಗ ಹಾಕಿದ ಬೀರುವಿನೊಳಗಿವೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ಪೂಜೆಯ ಮುನ್ನಾದಿನವೇ ಬಂದು ಒಂಟಿನಳಿಗೆಯನ್ನು ಹೊರತೆಗೆದು, ಮೊದಲು ಅದನ್ನು ಮುರಿದು ತೋಟೆಯಿಲ್ಲವೆಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿದನು. ಬಳಿಕ ತನ್ನ ಹತ್ತು ವರ್ಷದ ಮಗಳನ್ನು ಕರೆದು, ಅವಳ ಕೈಯಿಂದಲೂ ಹಾಗೆಯೇ ಪರೀಕ್ಷೆ ಮಾಡಿಸಿದನು. ಅವಳು ಒಮ್ಮೆ ನೋಡಿ “ಇಲ್ಲ” ಎಂದಾಗ, “ಇನ್ನೊಮ್ಮೆ ನೋಡು” ಎಂದನು. ತಾಮ್ರದ ತಂತಿಯ ಕಟ್ಟು ಸಡಿಲಿತ್ತು. ಮನೆಯೊಡತಿ ಒಳಗಿನಿಂದ ಇಕ್ಕಳವನ್ನು ತಂದುಕೊಟ್ಟರು.